ಬೆಣ್ಣೆ ಕೂಡುವ ಹೊತ್ತು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಅವರು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯ ಗೃಹಿಣಿ. ವಯಸ್ಸು ನಲವತ್ತು ದಾಟಿದೆ, ತವರು ಶಿಕಾರಿಪುರದ ಕಡೆ. ಶಿವಮೊಗ್ಗದ ನನ್ನ ಆಪ್ತಸಮಾಲೋಚನೆಯ ಕೋಣೆಯಲ್ಲಿ ಕುಳಿತವರೇ, "ಮೇಡಂ, ದೇವರು ನನ್ನಿಂದ ದೂರವಾಗಿದ್ದಾನೆ" ಎಂದರು. ಮದುವೆಯಾದಾಗಿನಿಂದ ಬೆಳಗ್ಗೆ ಅರ್ಧ ಗಂಟೆ ಜಪಕ್ಕೆ ಕೂರುತ್ತಿದ್ದರು. ಅತ್ತೆ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅದು ತಪ್ಪಿಹೋಗಿತ್ತು. ಕೊಟ್ಟಿಗೆ, ಬಚ್ಚಲ ಒಲೆ, ಅತ್ತೆಯ ಗಂಜಿ, ಆಳುಗಳ ತಿಂಡಿ. ಹಗಲೆಲ್ಲ ಸಿಡುಕು, ಸಿಡುಕಿದ್ದಕ್ಕೆ ರಾತ್ರಿ ಅಳು.

ನಿದ್ದೆ, ಹಸಿವು, ಬದುಕೇ ಬೇಡವೆನ್ನಿಸುವುದು, ಇವನ್ನು ಮೊದಲು ವಿಚಾರಿಸಿದೆ. ನಿದ್ದೆ ಮಾತ್ರ ಕೆಟ್ಟಿತ್ತು. ಇದನ್ನು ಕೇಳದೆ ಅಧ್ಯಾತ್ಮದ ಮಾತೆತ್ತುವುದು ಅಪಾಯ. ಎರಡು ವಾರ ದಾಟಿಯೂ ಮಂಕು ಕವಿದೇ ಇದ್ದರೆ ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಕೂಡ ಇದೆ ಎಂದು ಬರೆದುಕೊಟ್ಟೆ.

ಆಮೇಲೆ, ಬೆಳಗ್ಗೆ ಎದ್ದಾಗಿನಿಂದ ಏನೇನು ಮಾಡುತ್ತೀರಿ ಹೇಳಿ ಎಂದೆ. ಸಪ್ಪೆಯಾಗಿ ಹೇಳುತ್ತಾ ಬಂದವರು ಮೊಸರು ಕಡೆಯುವ ಮಾತಿಗೆ ಬಂದಾಗ ಚುರುಕಾದರು. ಚಳಿಗಾಲದಲ್ಲಿ ಒಂದಿಷ್ಟು ಬೆಚ್ಚನೆಯ ನೀರು, ಬೇಸಿಗೆಯಲ್ಲಿ ತಣ್ಣೀರು ಹಾಕಬೇಕು. ಕಡೆಗೋಲಿನ ಸದ್ದು ಬದಲಾಗುತ್ತದೆ, ಸಾಸಿವೆಯಷ್ಟು ಕಾಳುಗಳು ಮೇಲೆ ತೇಲುತ್ತವೆ. "ಆಗ ಯಾರು ಕರೆದರೂ ಏಳುವುದಿಲ್ಲ. ಮೊಬೈಲ್ ಹೊಡೆದುಕೊಳ್ಳುತ್ತಲೇ ಇರುತ್ತದೆ. ಬೆಣ್ಣೆ ಕೂಡುವ ಹೊತ್ತಿಗೆ ಕೈ ಬಿಟ್ಟರೆ ಮತ್ತೆ ಮೊದಲಿಂದ ಕಡೆದ ಹಾಗೆ."

"ಹಾಗಾದರೆ ಯಾವುದನ್ನು ಬಿಡಬಾರದು, ಯಾವುದು ಕಾಯಬಹುದು ಎಂಬುದು ನಿಮ್ಮ ಕೈಗೆ ಗೊತ್ತಿದೆಯಲ್ಲ" ಎಂದೆ. ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ, "ಅತ್ತೆಗೆ ಗಂಜಿ ಕುಡಿಸುವಾಗ ನನ್ನ ಕಣ್ಣು ತೊಳೆಯದ ಪಾತ್ರೆಗಳ ಮೇಲಿರುತ್ತದೆ" ಎಂದರು.

ಅವರ ತವರಿನ ಕಡೆಯವಳೇ ಆದ ಸತ್ಯಕ್ಕನನ್ನು ನೆನಪಿಸಿದೆ. ಹನ್ನೆರಡನೆಯ ಶತಮಾನದ ಶರಣೆ, ಶಿಕಾರಿಪುರ ತಾಲ್ಲೂಕಿನ ಜಂಬೂರಿನವಳು. ಶರಣರ ಮನೆಯಂಗಳ ಗುಡಿಸುವುದೇ ಅವಳ ಕಾಯಕ. ಪೂಜೆಗೆ ಬಿಡುವು ಮಾಡಿಕೊಳ್ಳಲು ಅವಳು ಕಸಬರಿಗೆ ಬದಿಗಿಡಲಿಲ್ಲ, ಗುಡಿಸಿದ್ದೇ ಅವಳ ಪೂಜೆ. ಜಪ ಬಿಡಿ ಎಂದು ನಾನು ಹೇಳಲಿಲ್ಲ. ಜಪ ತಪ್ಪಿದ ದಿನ ಅತ್ತೆಯ ಗಂಜಿಯ ಹತ್ತು ನಿಮಿಷವನ್ನು ಬೆಣ್ಣೆ ಕೂಡುವ ಹೊತ್ತೆಂದೇ ತಿಳಿಯಿರಿ, ಆಗ ಪಾತ್ರೆ ಕಾಯಲಿ ಎಂದೆ. ರಾತ್ರಿ ಮಲಗುವ ಮುಂಚೆ, ಇಂದು ಯಾವುದು ಕಾಯಬಹುದಿತ್ತು, ಯಾವುದು ಕಾಯುವಂಥದಾಗಿರಲಿಲ್ಲ ಎಂದು ಒಂದೊಂದೇ ಸಾಲು ಬರೆದಿಡಲು ಹೇಳಿದೆ.

ಆದರೆ ಇಷ್ಟಕ್ಕೇ ಬಿಟ್ಟಿದ್ದರೆ ನಾನು ಅವರಿಗೆ ಅನ್ಯಾಯ ಮಾಡಿದಂತಾಗುತ್ತಿತ್ತು. ಕೆಲಸವೇ ಪೂಜೆ ಎಂಬ ಮಾತು ಹೆಣ್ಣಿನ ಬೆನ್ನಿಗೆ ಇನ್ನೊಂದು ಹೊರೆ ಹೇರುವುದಕ್ಕೆ ಬಳಕೆಯಾಗುವುದನ್ನು ನಾನು ಈ ಕೋಣೆಯಲ್ಲಿ ಸಾಕಷ್ಟು ನೋಡಿದ್ದೇನೆ. ಮುಂದಿನ ಸಲ ಯಜಮಾನರನ್ನೂ ಕರೆದುಕೊಂಡು ಬನ್ನಿ ಎಂದೆ. ಯಜಮಾನರು ಬಂದಾಗ, ದೇಶದಲ್ಲಿ 2019ರಲ್ಲಿ ನಡೆದ ಸಮಯ ಬಳಕೆ ಸಮೀಕ್ಷೆಯ ಲೆಕ್ಕವನ್ನು ಅವರ ಮುಂದಿಟ್ಟೆ: ಮನೆಗೆಲಸಕ್ಕೆ ಕೈಹಾಕುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97. ಅವರು ಒಳ್ಳೆಯ ಮನುಷ್ಯ, ವಾದಕ್ಕಿಳಿಯಲಿಲ್ಲ. ಬಚ್ಚಲ ಒಲೆ ಉರಿ ಮಾಡುವುದು, ಅಮ್ಮನ ಸ್ನಾನಕ್ಕೆ ಹಂಡೆಯ ನೀರು ತೋಡಿಡುವುದು ನನಗಿರಲಿ ಎಂದರು. ಅದರಿಂದ ಇವರಿಗೆ ಬೆಳಗ್ಗೆ ಇಪ್ಪತ್ತು ನಿಮಿಷ ಉಳಿಯಿತು, ಜಪ ಮತ್ತೆ ಶುರುವಾಯಿತು.

ನಾಲ್ಕನೆಯ ಸಲ ಒಬ್ಬರೇ ಬಂದರು. ನಿದ್ದೆ ಪರವಾಗಿಲ್ಲವಂತೆ. ಹಿಂದಿನ ರಾತ್ರಿ ಅತ್ತೆ ತಾವು ಹುಡುಗಿಯಾಗಿದ್ದಾಗ ದೋಣಿಯಲ್ಲಿ ತುಂಗೆ ದಾಟುತ್ತಿದ್ದುದನ್ನು ಹೇಳುತ್ತಿದ್ದರು, ಕೇಳುತ್ತಾ ಕುಳಿತು ಪಾತ್ರೆ ಬೆಳಗಿನವರೆಗೂ ಹಾಗೆಯೇ ಉಳಿದವು ಎಂದು ಹೇಳುವಾಗ ಅವರ ದನಿಯಲ್ಲಿ ತಪ್ಪೊಪ್ಪಿಗೆಯ ಅಳುಕಿರಲಿಲ್ಲ.

ಏಳುವಾಗ, ಇನ್ನು ಅಡಿಕೆ ಸುಲಿತ ಮುಗಿದ ಮೇಲೆ ಬರುತ್ತೇನೆ ಎಂದರು. ಬೇಡ, ಸುಲಿತದ ನಡುವೆಯೇ ಒಂದು ದಿನ ಬಿಡುವು ಮಾಡಿಕೊಂಡು ಬನ್ನಿ ಎಂದು ದಿನ ಗೊತ್ತು ಮಾಡಿದೆ.