ಆರು ನಟ್ ಕೂತರೆ ಸಾಲದು: ಪಿಕಪ್ ವಾಹನಕ್ಕೆ ಹೊಸ ವ್ಹೀಲ್
ವಾಹನ ವಿಚಾರ – ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮಲ್ಲಿ ಟೊಯೊಟಾ ಹೈಲಕ್ಸ್ ಫೋರ್ ಬೈ ಫೋರ್ ಪಿಕಪ್ ಇದೆ. ತೋಟದ ಕೆಸರು ದಾರಿ, ಗೊಬ್ಬರದ ಸಾಗಣೆ, ಆಗೀಗ ಬೆಂಗಳೂರಿನ ಪ್ರಯಾಣ ಎಲ್ಲವೂ ಅದರಲ್ಲೇ ಆಗಬೇಕು. ಕಂಪನಿಯ 18 ಇಂಚಿನ ಅಲಾಯ್ ವ್ಹೀಲ್‌ಗಳಲ್ಲಿ ಎರಡರ ಅಂಚು ಕಲ್ಲಿಗೆ ತಾಗಿ ಒಡೆದಿರುವುದರಿಂದ, ಸ್ಟೆಪ್ನಿಯೂ ಸೇರಿದಂತೆ ಐದನ್ನೂ ಬದಲಿಸುವ ಯೋಚನೆಯಿದೆ. ಪರಿಚಯದವರೊಬ್ಬರು ಫೋರ್ಡ್ ಎಂಡೇವರ್‌ನಿಂದ ಬಿಚ್ಚಿದ 18 ಇಂಚಿನ ವ್ಹೀಲ್‌ಗಳನ್ನು ಕಡಿಮೆ ಬೆಲೆಗೆ ಕೊಡುತ್ತಾರೆ. ಎರಡಕ್ಕೂ ಆರು ನಟ್, ಪಿಸಿಡಿಯೂ ಒಂದೇ ಎಂಬುದು ಅವರ ಮಾತು. ಅಂಗಡಿಯವರು 17 ಇಂಚು ವ್ಯಾಸ, 9 ಇಂಚು ಅಗಲ, ಮೈನಸ್ 12 ಆಫ್‌ಸೆಟ್‌ನ ಹೊಸ ವ್ಹೀಲ್‌ಗಳನ್ನು ತೋರಿಸಿದ್ದಾರೆ. ಯಾವುದನ್ನು ಕೊಳ್ಳಲಿ?
– ಕಾಫಿ ಬೆಳೆಗಾರರು, ಸಕಲೇಶಪುರ ತಾಲ್ಲೂಕು

ಉತ್ತರ: ಎರಡನ್ನೂ ಕೊಳ್ಳಬೇಡಿ. ನಿಮ್ಮ ಪರಿಚಯದವರು ಹೇಳಿದ್ದು ಸುಳ್ಳಲ್ಲ. ಆರು ಸ್ಟಡ್‌ಗಳ ಕೇಂದ್ರಗಳ ಮೂಲಕ ಹಾಯುವ ವೃತ್ತದ ವ್ಯಾಸ, ಅಂದರೆ ಪಿಸಿಡಿ, ಎರಡೂ ವಾಹನಗಳಲ್ಲಿ 139.7 ಮಿ.ಮೀ. ಇದೆ. ಆದರೆ ವ್ಹೀಲಿನ ನಡುವಿನ ತೂತಿನ ಅಳತೆ ಬೇರೆ. ಹೈಲಕ್ಸ್‌ನಲ್ಲಿ ಅದು 106.1 ಮಿ.ಮೀ., ಎಂಡೇವರ್‌ನಲ್ಲಿ 93.1 ಮಿ.ಮೀ. ಹೀಗಾಗಿ ನಿಮ್ಮ ಗಾಡಿಯ ಹಬ್, ಅಂದರೆ ವ್ಹೀಲನ್ನು ಬಿಗಿಯುವ ಆ್ಯಕ್ಸಲ್ ತುದಿಯ ಭಾಗ, ಆ ತೂತಿನೊಳಗೆ ಇಳಿಯುವುದೇ ಇಲ್ಲ, ವ್ಹೀಲಿನ ಬೆನ್ನು ಹಬ್ಬಿನ ಮುಖಕ್ಕೆ ಒತ್ತಿ ಕೂರುವುದೂ ಇಲ್ಲ. ಲೇತ್‌ನಲ್ಲಿ ಕೊರೆಸಿ ದೊಡ್ಡದು ಮಾಡಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಹಾಗೆ ಸುತ್ತಲೂ 6.5 ಮಿ.ಮೀ. ಲೋಹ ತೆಗೆದರೆ ನಟ್ ಕೂರುವ ಜಾಗಕ್ಕೂ ನಡುವಿನ ತೂತಿಗೂ ಮಧ್ಯೆ ಉಳಿಯುವ ಗೋಡೆ ಅಷ್ಟರ ಮಟ್ಟಿಗೆ ತೆಳುವಾಗುತ್ತದೆ. ಗೊಬ್ಬರ ಹೊತ್ತು ಹೊಂಡಕ್ಕೆ ಇಳಿಯುವ ಗಾಡಿಗೆ ಅಂಥದ್ದನ್ನು ಹಾಕಿಸಿ ಎಂದು ನಾನು ಹೇಳಲಾರೆ.

ಕೊರೆಸಿದರೂ ಆಫ್‌ಸೆಟ್ಟಿನ ತೊಡಕು ಹಾಗೆಯೇ ಉಳಿಯುತ್ತದೆ. ವ್ಹೀಲಿನ ಅಗಲದ ನಟ್ಟನಡುವಿನ ಗೆರೆಯಿಂದ ಅದು ಹಬ್ಬಿಗೆ ತಾಗುವ ಮುಖದವರೆಗೆ ಮಿ.ಮೀ.ಗಳಲ್ಲಿ ಅಳೆದ ದೂರವೇ ಆಫ್‌ಸೆಟ್. ಆ ಮುಖ ಹೊರಬದಿಗೆ ಇದ್ದರೆ ಪ್ಲಸ್, ಒಳಬದಿಗೆ ಇದ್ದರೆ ಮೈನಸ್. ನಿಮ್ಮ ಕಂಪನಿ ವ್ಹೀಲು 7.5 ಇಂಚು ಅಗಲ, ಪ್ಲಸ್ 30. ಎಂಡೇವರಿನದು 8 ಇಂಚು ಅಗಲ, ಪ್ಲಸ್ 55. ಅಗಲದ ಅರ್ಧಕ್ಕೆ ಆಫ್‌ಸೆಟ್ ಕೂಡಿಸಿದರೆ ವ್ಹೀಲು ಹಬ್ಬಿನಿಂದ ಒಳಗೆ ಎಷ್ಟು ಚಾಚುತ್ತದೆ ಎಂಬುದು ಸಿಗುತ್ತದೆ, ಕಳೆದರೆ ಹೊರಗೆ ಎಷ್ಟು ಎಂಬುದು ಸಿಗುತ್ತದೆ. ಈ ಲೆಕ್ಕದಲ್ಲಿ ನಿಮ್ಮ ವ್ಹೀಲು ಒಳಗೆ ಸುಮಾರು 125 ಮಿ.ಮೀ. ಚಾಚಿದರೆ ಎಂಡೇವರಿನದು ಸುಮಾರು 157 ಮಿ.ಮೀ. ಚಾಚುತ್ತದೆ. ಮೂರು ಸೆಂಟಿಮೀಟರಿಗಿಂತ ಹೆಚ್ಚು ಒಳಸರಿದ ಟಯರು ಮುಂದಿನ ಸಸ್ಪೆನ್ಷನ್ನಿನ ಮೇಲ್ತೋಳಿಗೆ ಉಜ್ಜುವ ಸಂಭವವೇ ಹೆಚ್ಚು. ಅದನ್ನು ಸ್ಪೇಸರ್, ಅಂದರೆ ಹಬ್ಬಿಗೂ ವ್ಹೀಲಿಗೂ ನಡುವೆ ಕೂರುವ ಲೋಹದ ಬಿಲ್ಲೆ, ಹಾಕಿ ಸರಿಪಡಿಸುವ ರೂಢಿಯೂ ಇದೆ. ದಪ್ಪ ಸ್ಪೇಸರ್ ಹಾಕಿದಾಗ ಅದನ್ನು ಹಬ್ಬಿಗೆ ಬಿಗಿದ ನಟ್‌ಗಳು ವ್ಹೀಲಿನ ಹಿಂದೆ ಮರೆಯಾಗುತ್ತವೆ. ಅವು ಸಡಿಲಗೊಂಡಿವೆಯೇ ಎಂದು ನೋಡಬೇಕಾದರೆ ಪ್ರತಿ ಸಲವೂ ವ್ಹೀಲನ್ನೇ ಬಿಚ್ಚಬೇಕು.

ಇನ್ನು ಅಂಗಡಿಯವರ ವ್ಹೀಲು. ಅದರದು ತದ್ವಿರುದ್ಧವಾದ ಕಾಯಿಲೆ. ಅದೇ ಲೆಕ್ಕ ಹಾಕಿ ನೋಡಿ: ಕಂಪನಿ ವ್ಹೀಲಿನ ಹೊರ ಅಂಚು ಹಬ್ಬಿನಿಂದ ಸುಮಾರು 65 ಮಿ.ಮೀ. ದೂರದಲ್ಲಿದ್ದರೆ, 9 ಇಂಚಿನ ಮೈನಸ್ 12 ವ್ಹೀಲಿನದು ಸುಮಾರು 126 ಮಿ.ಮೀ. ದೂರದಲ್ಲಿರುತ್ತದೆ. ಅಂದರೆ ಪ್ರತಿ ಬದಿಯಲ್ಲೂ ಆರು ಸೆಂಟಿಮೀಟರ್ ಹೊರಗೆ. ನಿಂತ ಗಾಡಿಗೆ ಅದು ಗತ್ತು ಕೊಡುತ್ತದೆ, ಒಪ್ಪುತ್ತೇನೆ. ಆದರೆ ಓಡುವಾಗ ಕೆಸರು ಮಡ್‌ಗಾರ್ಡ್ ದಾಟಿ ಬಾಗಿಲಿಗೆ, ಕನ್ನಡಿಗೆ ಎರಚುತ್ತದೆ. ವ್ಹೀಲ್ ಬೇರಿಂಗಿನ ಮೇಲೆ ಭಾರ ಬೀಳುವ ಬಿಂದು ಹೊರಸರಿದು ಅದು ಬೇಗ ಸವೆಯುತ್ತದೆ. ಒಂದು ಚಕ್ರ ಕಲ್ಲಿಗೆ ಬಡಿದರೆ ಸ್ಟೀರಿಂಗ್ ಕೈಯಲ್ಲೇ ಒದೆಯುತ್ತದೆ. ಪೂರ್ತಿ ತಿರುಗಿಸಿದಾಗ ಟಯರಿನ ಹೊರಭಾಗ ಮುಂದಿನ ಬಂಪರಿನ ಮೂಲೆಗೋ ಮಡ್‌ಫ್ಲ್ಯಾಪಿಗೋ ಉಜ್ಜುತ್ತದೆ. ಕಿರಿದಾದ ತೋಟದ ದಾರಿಯಲ್ಲಿ ಗಾಡಿಯ ಅಗಲ ಹೆಚ್ಚುವುದು ಯಾರಿಗೆ ಬೇಕು?

ನಿಮ್ಮ ಕೆಲಸಕ್ಕೆ 17 ಇಂಚು ವ್ಯಾಸ, 7.5 ಅಥವಾ 8 ಇಂಚು ಅಗಲ, ಪ್ಲಸ್ 20ರಿಂದ ಪ್ಲಸ್ 30ರೊಳಗಿನ ಆಫ್‌ಸೆಟ್ ಸರಿಹೋಗುತ್ತದೆ. 8 ಇಂಚಿನ ಪ್ಲಸ್ 25 ವ್ಹೀಲು ಹೊರಗೆ ಹೆಚ್ಚುವುದು ಸುಮಾರು 11 ಮಿ.ಮೀ., ಒಳಗೆ ಒಂದೂವರೆ ಮಿ.ಮೀ.ಗಿಂತಲೂ ಕಡಿಮೆ. ಖರ್ಚು ಇಳಿಸಬೇಕೆಂದರೆ ಎಂಡೇವರ್ ಬಿಟ್ಟು ಫಾರ್ಚೂನರ್‌ನಿಂದ ಬಿಚ್ಚಿದ ವ್ಹೀಲ್‌ಗಳನ್ನು ಹುಡುಕಿ. ಅದರ ಪಿಸಿಡಿ, ನಡುವಿನ ತೂತು, ಆಫ್‌ಸೆಟ್ ಮೂರೂ ನಿಮ್ಮ ಗಾಡಿಗೆ ಹೊಂದುತ್ತವೆ. ಹೊರಗಿನ ತಯಾರಕರ ವ್ಹೀಲಿನ ತೂತು 110 ಮಿ.ಮೀ. ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ, ನಡುವಿನ ಸಂದಿಗೆ ಹಬ್ ರಿಂಗ್ ಸಿಗುತ್ತದೆ. ದೊಡ್ಡ ತೂತಿಗೆ ಪರಿಹಾರವಿದೆ, ಚಿಕ್ಕ ತೂತಿಗೆ ಇಲ್ಲ.

ಕೊಳ್ಳುವ ಮುನ್ನ ವ್ಹೀಲನ್ನು ಮಗುಚಿ ಹಾಕಿಸಿ, ಬೆನ್ನಿನಲ್ಲಿ ಅಚ್ಚೊತ್ತಿರುವ ಭಾರದ ಮಿತಿಯನ್ನು ಓದಿ. ಹಿಂದಿನ ಆ್ಯಕ್ಸಲ್ ಹೊರಬಹುದಾದ ಗರಿಷ್ಠ ಭಾರದ ಅರ್ಧಕ್ಕಿಂತ ಅದು ಕಡಿಮೆಯಿರಬಾರದು. 45 ಕೆ.ಜಿ.ಯ ಹತ್ತು ಯೂರಿಯಾ ಚೀಲಗಳನ್ನು ಹೇರಿದರೆ ಆ ನಾಲ್ಕೂವರೆ ಕ್ವಿಂಟಲ್ ಬಹುಪಾಲು ಹಿಂದಿನ ಎರಡೇ ವ್ಹೀಲ್‌ಗಳ ಮೇಲೆ ಕೂರುತ್ತದೆ. ಕಾರಿಗೆಂದು ಮಾಡಿದ ಹಗುರ ವ್ಹೀಲಿಗೆ ಅದು ತಾಳುವ ಭಾರವಲ್ಲ. ಐಎಸ್‌ಐ ಗುರುತು, ಜಪಾನಿನ ಮಾನದಂಡದ್ದಾದರೆ ಲಘು ಸರಕು ವಾಹನಗಳ ವ್ಹೀಲಿಗೆ ಹಾಕುವ ಜೆಡಬ್ಲ್ಯುಎಲ್-ಟಿ ಗುರುತು ಇದೆಯೇ ನೋಡಿ. ಯಾವ ಗುರುತೂ ಇಲ್ಲದ ವ್ಹೀಲನ್ನು ಬಣ್ಣ ನೋಡಿ ಕೊಳ್ಳಬಾರದು.

ನಟ್‌ಗಳ ಬಗ್ಗೆ ಒಂದು ಮಾತು. ಕಂಪನಿ ಅಲಾಯ್‌ಗೆ ಚಪ್ಪಟೆ ವಾಷರಿನ ನಟ್ ಇದ್ದು ಹೊಸ ವ್ಹೀಲಿನ ತೂತು 60 ಡಿಗ್ರಿಯ ಶಂಕುವಿನ ಆಕಾರದ್ದಾಗಿದ್ದರೆ, ಹಳೆಯ ನಟ್‌ಗಳನ್ನು ಎಷ್ಟೇ ಬಿಗಿದರೂ ಅವು ಸರಿಯಾಗಿ ಕೂರುವುದಿಲ್ಲ. 12 ಮಿ.ಮೀ., 1.5 ಪಿಚ್‌ನ ಶಂಕು ನಟ್‌ಗಳನ್ನೇ ವ್ಹೀಲಿನ ಜೊತೆ ಕೇಳಿ ಪಡೆಯಿರಿ. ಬಿಗಿತವನ್ನು ಅಳೆಯುವ ಟಾರ್ಕ್ ರೆಂಚಿನಲ್ಲಿ ಬಿಗಿಸಿ, 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.

ಪ್ರಶ್ನೆ: ಪಿಕಪ್ಪಿಗೆ ಕಬ್ಬಿಣದ ಡಿಸ್ಕ್ ಒಳ್ಳೆಯದೋ ಅಲಾಯ್ ಒಳ್ಳೆಯದೋ? ವ್ಹೀಲಿನ ಜೊತೆಗೆ ದೊಡ್ಡ ಟಯರನ್ನೂ ಹಾಕಿಸಬಹುದೇ?
– ಓದುಗರು, ಮಡಿಕೇರಿ

ಉತ್ತರ: ಕೆಲಸದ ಗಾಡಿಗೆ ನನ್ನ ಮತ ಕಬ್ಬಿಣಕ್ಕೆ. ಅದರ ತೂಕ ಹೆಚ್ಚು, ಗೀರು ಬಿದ್ದಲ್ಲಿ ತುಕ್ಕು ಹಿಡಿಯುತ್ತದೆ, ನೋಟವೂ ಅಷ್ಟಕ್ಕಷ್ಟೆ. ಆದರೆ ಕಲ್ಲಿಗೆ ಬಡಿದಾಗ ಅದು ಬಗ್ಗುತ್ತದೆ. ಬಗ್ಗಿದ ಅಂಚನ್ನು ಸುತ್ತಿಗೆಯಿಂದ ಎತ್ತಿ, ಗಾಳಿ ತುಂಬಿ, ಪಟ್ಟಣದ ಗ್ಯಾರೇಜು ಮುಟ್ಟಬಹುದು. ಎರಕದ ಅಲಾಯ್ ಅಂಥ ಏಟಿಗೆ ಸೀಳಿದರೆ ಸ್ಟೆಪ್ನಿಯೇ ಗತಿ.

ಟಯರಿನ ವಿಷಯದಲ್ಲಿ ಒಟ್ಟು ವ್ಯಾಸವನ್ನು ನೋಡಬೇಕು. 265/60 ಆರ್ 18 (ಅಂದರೆ 265 ಮಿ.ಮೀ. ಅಗಲ, ಆ ಅಗಲದ ಶೇ. 60ರಷ್ಟು ಎತ್ತರದ ಪಕ್ಕದ ಗೋಡೆ, 18 ಇಂಚಿನ ವ್ಹೀಲು) ಮತ್ತು 265/65 ಆರ್ 17 ಇವೆರಡರ ವ್ಯಾಸವೂ ಸುಮಾರು 776 ಮಿ.ಮೀ.; ಎರಡನೆಯದರಲ್ಲಿ ಟಯರಿನ ಪಕ್ಕದ ಗೋಡೆ ಮಾತ್ರ 13 ಮಿ.ಮೀ. ಹೆಚ್ಚು ಎತ್ತರ. ಕೆಸರಿನಲ್ಲಿ ಗಾಳಿ ಇಳಿಸಿ ಓಡಿಸುವವರಿಗೆ ಈ 13 ಮಿ.ಮೀ. ಬಹಳ ಬೆಲೆಯುಳ್ಳದ್ದು, ಏಕೆಂದರೆ ಕಲ್ಲಿಗೂ ರಿಮ್ಮಿಗೂ ನಡುವೆ ಅಷ್ಟು ಹೆಚ್ಚು ರಬ್ಬರು ಸಿಗುತ್ತದೆ. 265/70 ಆರ್ 17ಕ್ಕೆ ಹೋದರೆ ವ್ಯಾಸ ಶೇ. 3.4ರಷ್ಟು ಹೆಚ್ಚುತ್ತದೆ, ಮೀಟರು ತೋರಿಸುವ ವೇಗ ಅಷ್ಟರ ಮಟ್ಟಿಗೆ ಇಳಿಯುತ್ತದೆ, ಅಲ್ಲಿಯವರೆಗೆ ನಡೆಯುತ್ತದೆ. 285/70 ಆರ್ 17ರಲ್ಲಿ ಹೆಚ್ಚಳ ಶೇ. 7. ಆಗ ಒಳಗಿನ ಪ್ಲಾಸ್ಟಿಕ್ ಕತ್ತರಿಸುವುದು, ಸಸ್ಪೆನ್ಷನ್ ಎತ್ತರಿಸುವುದು ಎಂದು ಒಂದರ ಹಿಂದೆ ಒಂದು ಖರ್ಚು ಬರುತ್ತದೆ, ಸ್ಟೆಪ್ನಿ ತನ್ನ ಜಾಗದಲ್ಲಿ ಹಿಡಿಸದೆಯೂ ಹೋಗಬಹುದು. ಯಾವ ಅಳತೆ ಆರಿಸಿದರೂ ನಾಲ್ಕು ಚಕ್ರಗಳೂ ಒಂದೇ ವ್ಯಾಸದ್ದಾಗಿರಲಿ. ಮುಂದೊಂದು ಹಿಂದೊಂದು ಅಳತೆಯಿಟ್ಟು ಗಟ್ಟಿ ರಸ್ತೆಯ ಮೇಲೆ ಫೋರ್ ವ್ಹೀಲ್ ಹಾಕಿದರೆ, ಎಂಜಿನ್ನಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಕೆಡುತ್ತದೆ.

ಪ್ರಶ್ನೆ: ವ್ಹೀಲ್ ಬದಲಿಸಿದರೆ ಆರ್‌ಟಿಒ ತಕರಾರು ಇದೆಯೇ?
– ಓದುಗರು, ಶಿವಮೊಗ್ಗ

ಉತ್ತರ: 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಕಂಪನಿಯ ವ್ಯಾಸದೊಳಗೆ, ಮಡ್‌ಗಾರ್ಡಿನ ಅಂಚಿನೊಳಗೆ ಇರುವ ವ್ಹೀಲಿಗೂ ಹೊರಚಾಚಿದ ವ್ಹೀಲಿಗೂ ವ್ಯತ್ಯಾಸವಿದೆ. ತಪಾಸಣೆಯವರ ಕಣ್ಣಿಗೆ ಮೊದಲು ಬೀಳುವುದು ಎರಡನೆಯದು. ವಿಮಾ ಕಂಪನಿಗೆ ಬದಲಾವಣೆಯನ್ನು ಬಿಲ್ಲಿನ ಪ್ರತಿಯೊಂದಿಗೆ ಬರವಣಿಗೆಯಲ್ಲೇ ತಿಳಿಸಿ. ಹೊಸ ವ್ಹೀಲ್‌ಗಳ ಬೆಲೆ ಪಾಲಿಸಿಯಲ್ಲಿ ಸೇರಬೇಕಾದರೂ ಅದೇ ದಾರಿ.