ಓದುಗರ ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಫಿಲಿಪಿನೋ ಪಡೆ

ಪ್ರಶ್ನೆ: ಹಡಗಿನಲ್ಲಿ ನನ್ನೊಡನೆ ದುಡಿದ ಫಿಲಿಪಿನೋ ಗೆಳೆಯರೊಬ್ಬರು, ತಮ್ಮ ಅಜ್ಜ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದ ಫಿಲಿಪಿನೋ ರೆಜಿಮೆಂಟಿನಲ್ಲಿದ್ದರು ಎನ್ನುತ್ತಿದ್ದರು. ಆ ಪಡೆಯ ಕುರಿತು ದಯವಿಟ್ಟು ತಿಳಿಸುವಿರಾ?
– ಓರ್ವ ಓದುಗರು, ಉಡುಪಿ

ಉತ್ತರ: ಅದು ಒಂದನೇ ಫಿಲಿಪಿನೋ ಪದಾತಿ ರೆಜಿಮೆಂಟ್ ಆಗಿರಬಹುದು. 1942ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೆಟಾಲಿಯನ್ ಆಗಿ ಆರಂಭವಾದ ಅದು, ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ವಲಸಿಗರು ದೊಡ್ಡ ಸಂಖ್ಯೆಯಲ್ಲಿ ಸೇರಿದ್ದರಿಂದ, ಜುಲೈಯಲ್ಲಿ ಸಲೀನಾಸ್‌ನಲ್ಲಿ ರೆಜಿಮೆಂಟಾಗಿ ಬೆಳೆಯಿತು. ಆ ವರ್ಷವೇ ಎರಡನೆಯ ರೆಜಿಮೆಂಟೂ ರೂಪುಗೊಂಡಿತು.

1934ರ ಕಾಯ್ದೆ ಫಿಲಿಪಿನೋ ವಲಸಿಗರನ್ನು ವಿದೇಶೀಯರೆಂದೇ ಪರಿಗಣಿಸಿದ್ದರಿಂದ ಸಮವಸ್ತ್ರ ತೊಟ್ಟವರಲ್ಲಿ ಬಹುಪಾಲು ಮಂದಿಗೆ ಪೌರತ್ವವಿರಲಿಲ್ಲ. 1943ರ ಫೆಬ್ರವರಿಯಲ್ಲಿ ಬೀಲ್ ಶಿಬಿರದಲ್ಲಿ ಸಾವಿರಕ್ಕೂ ಹೆಚ್ಚು ಸೈನಿಕರು ಒಟ್ಟಾಗಿ ಪ್ರಮಾಣವಚನ ಸ್ವೀಕರಿಸಿ ಅಮೆರಿಕದ ಪೌರರಾದರು. ಆದರೂ ಬಿಳಿಯ ಮಹಿಳೆಯರೊಡನೆ ಅವರ ವಿವಾಹವನ್ನು ಕ್ಯಾಲಿಫೋರ್ನಿಯಾದ ಕಾನೂನು ನಿಷೇಧಿಸಿದ್ದುದರಿಂದ, ಮದುವೆಗಾಗಿ ನ್ಯೂ ಮೆಕ್ಸಿಕೋದ ಗ್ಯಾಲಪ್ ಪಟ್ಟಣದವರೆಗೆ ಪ್ರಯಾಣಿಸಬೇಕಾಗಿತ್ತು. ದೇಶಕ್ಕಾಗಿ ಪ್ರಾಣ ಕೊಡಲು ಸಿದ್ಧನಾದವನಿಗೆ ಮೆಚ್ಚಿದವಳೊಡನೆ ಸಂಸಾರ ಹೂಡುವ ಹಕ್ಕನ್ನು ನಿರಾಕರಿಸಿದ ಈ ಅನ್ಯಾಯವೇ ಈ ಪಡೆಯ ಇತಿಹಾಸದಲ್ಲಿ ನನ್ನನ್ನು ಬಹಳವಾಗಿ ಕಾಡುವ ಸಂಗತಿ.

1944ರಲ್ಲಿ ನ್ಯೂಗಿನಿ ತಲುಪಿದ ರೆಜಿಮೆಂಟ್, 1945ರಲ್ಲಿ ಲೇಟೆ ಮತ್ತು ಸಮಾರ್ ದ್ವೀಪಗಳಲ್ಲಿ ಅಳಿದುಳಿದ ಜಪಾನೀ ಸೈನಿಕರೊಡನೆ ಹೋರಾಡಿತು. ಎಷ್ಟೋ ವರ್ಷಗಳ ಬಳಿಕ ತಾಯ್ನೆಲ ಮೆಟ್ಟಿದ ಸೈನಿಕರಲ್ಲಿ ಹಲವರು ಅಲ್ಲಿಯೇ ಮದುವೆಯಾದರು. 1946ರಲ್ಲಿ ಪಡೆ ವಿಸರ್ಜನೆಗೊಂಡಿತು.