ಹಾಟ್‌ಸ್ಪಾಟ್‌ನಲ್ಲಿ ಬರುವ ಫೋಲ್ಡರ್ ಮನೆ ವೈಫೈನಲ್ಲಿ ಯಾಕೆ ಬರಲ್ಲ?

ಜಯನಗರದ ಮನೆಯಿಂದ ವಿಪಿಎನ್ (ಹೊರಗಿನಿಂದ ಆಫೀಸ್ ನೆಟ್‌ವರ್ಕಿಗೆ ಸೇರುವ ಸುರಕ್ಷಿತ ದಾರಿ) ಕನೆಕ್ಟ್ ಆಗುತ್ತದೆ, ಆದರೆ ವೈಟ್‌ಫೀಲ್ಡ್ ಆಫೀಸಿನ ಕಂಪ್ಯೂಟರಿನ ಶೇರ್ಡ್ ಫೋಲ್ಡರ್ ತೆರೆಯುವುದಿಲ್ಲ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಮಾತ್ರ ಬರುತ್ತದೆ ಅಂದಿದ್ದೀರಿ ಅಲ್ವಾ? ಆ ಹಾಟ್‌ಸ್ಪಾಟ್ ಮಾತೇ ದೊಡ್ಡ ಸುಳಿವು. ಪಾಸ್‌ವರ್ಡ್, ಪರ್ಮಿಶನ್ ಎಲ್ಲ ಸರಿಯಿದೆ ಅಂತಾಯಿತು, ಅವನ್ನು ಸುಮ್ನೆ ಕೆದಕಬೇಡಿ.

ನನಗೆ ಅನುಮಾನ ಇರುವುದು ಐಪಿ ವಿಳಾಸದ ಮೇಲೆ. ಮನೆಯ ರೂಟರ್ 192.168.1 ಸಾಲಿನ (ಅಂದರೆ ಈ ಮೂರು ಅಂಕಿಗಳಿಂದ ಶುರುವಾಗುವ) ವಿಳಾಸ ಕೊಡುತ್ತಿದ್ದು, ಆಫೀಸಿನ ಕಂಪ್ಯೂಟರೂ ಅದೇ ಸಾಲಿನಲ್ಲಿದ್ದರೆ, ನಿಮ್ಮ ಲ್ಯಾಪ್‌ಟಾಪ್ ಅದು ಮನೆಯಲ್ಲೇ ಇದೆ ಅಂದುಕೊಂಡು ವಿಪಿಎನ್ ಕಡೆ ಹೋಗದೆ ಇಲ್ಲೇ ಹುಡುಕುತ್ತಾ ಕೂರುತ್ತದೆ. ಹಾಟ್‌ಸ್ಪಾಟ್ ಬೇರೆ ಸಾಲಿನ ವಿಳಾಸ ಕೊಡುತ್ತಿದ್ದರೆ ಅಲ್ಲಿ ಈ ಗೊಂದಲ ಆಗಲ್ಲ. ಎರಡು ರಾತ್ರಿ ನಿದ್ದೆಗೆಟ್ಟ ಮೇಲೆ ನನಗೂ ಸಿಕ್ಕಿದ್ದು ಇದೇ. ಮನೆಯ ರೂಟರಿನ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ಸೆಟ್ಟಿಂಗ್‌ನಲ್ಲಿ ಅದರ ವಿಳಾಸವನ್ನು 192.168.57.1 ಅಂತ ಬದಲಿಸಿ, ರೀಸ್ಟಾರ್ಟ್ ಮಾಡಿ. ಮನೆಯ ಪ್ರಿಂಟರಿಗೆ ಕೈಯಾರೆ ಐಪಿ ಕೊಟ್ಟಿದ್ದರೆ ಅದನ್ನೂ ಬದಲಿಸಬೇಕು.

ಆಫೀಸ್ ರೂಟರಿನಲ್ಲಿ 445 ಪೋರ್ಟ್ (ವಿಂಡೋಸ್ ಫೈಲ್ ಹಂಚಿಕೆಯ ಬಾಗಿಲು) ತೆರೆದುಬಿಡಿ ಅಂತ ಸ್ನೇಹಿತರು ಹೇಳಿದ್ದಾರಲ್ಲ, ಅದೊಂದು ದಯವಿಟ್ಟು ಬೇಡ. 2017ರಲ್ಲಿ ಫೈಲುಗಳನ್ನು ಲಾಕ್ ಮಾಡಿ ಹಣ ಕೇಳುವ ವಾನಾಕ್ರೈ ವೈರಸ್ ಹಬ್ಬಿದ್ದು ಅದೇ ಬಾಗಿಲಿನಿಂದ.

ಎರಡೂ ಕಡೆ ಸಾಲು ಬೇರೆಯೇ ಇದ್ದರೆ, ಕಂಪ್ಯೂಟರಿನ ಹೆಸರಿನ ಬದಲು ನೇರವಾಗಿ ಐಪಿ ಹಾಕಿ ತೆರೆದು ನೋಡಿ, ಏನು ಎರರ್ ಬಂತು ಅಂತ ಬರೆಯಿರಿ.